ಪಾದಪೂಜೆಯೂ ನನ್ನ ಒಡೆದ ಹಿಮ್ಮಡಿಯೂ

ಹೆಂಗಸರು ವಯಸ್ಸು ಮುಚ್ಚಿಡುತ್ತಾರೆ ಎಂದು ಗಂಡಸರು ಹಾಸ್ಯ ಮಾಡುವುದುಂಟು. ನನಗೆ ವಯಸ್ಸು ಹೇಳಲು ಯಾವ ಸಂಕೋಚವೂ ಇಲ್ಲ. ನಾನು ಮುಚ್ಚಿಡುವುದು ಹಿಮ್ಮಡಿಯನ್ನು. ಸೀರೆಗೆ ನೆರಿಗೆ ಇಟ್ಟಿರುವುದೇ ಅದಕ್ಕೆ ಎಂಬುದು ನನ್ನ ನಂಬಿಕೆ. ಪುಷ್ಯಮಾಸದ ಚಳಿ ಶುರುವಾಯಿತೆಂದರೆ ನನ್ನ ಹಿಮ್ಮಡಿಗಳು ನೀರು ಬತ್ತಿದ ಕೆರೆಯ ಅಂಗಳದಂತೆ ಬಾಯಿ ಬಿಡುತ್ತವೆ. ಹೊದ್ದ ಶಾಲಿನ ಎಳೆ ಬಿರುಕಿಗೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದೇ ಒಂದು ಕೆಲಸ. ಈ ಗುಟ್ಟು ಮನೆಯವರನ್ನು ಬಿಟ್ಟು ಹೊರಗಿನವರಿಗೆ ತಿಳಿಯದಂತೆ ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದೆ. ಹೀಗಿರುವಾಗ ಮಗಳು ಚಿನ್ಮಯಿಯ ಶಾಲೆಯಿಂದ ಮೊಬೈಲಿಗೆ ಒಂದು ಸಂದೇಶ ಬಂತು. ಹತ್ತನೇ ತರಗತಿಯವರಿಗೆ ಪರೀಕ್ಷೆಗೆ ಮುನ್ನ ‘ಸಂಸ್ಕಾರ ದಿನ’. ಮಕ್ಕಳಿಂದ ತಂದೆ ತಾಯಿಯ ಪಾದಪೂಜೆ. ತಾಯಂದಿರು ರೇಷ್ಮೆ ಸೀರೆಯಲ್ಲಿ ಬರತಕ್ಕದ್ದು. ತಟ್ಟೆ, ಚೊಂಬು, ಅರಿಶಿನ, ಕುಂಕುಮ, ಹೂವು, ಅಕ್ಷತೆ, ಟವೆಲ್ ತರತಕ್ಕದ್ದು. ಕೊನೆಯಲ್ಲಿ ಒಂದು ಸಾಲು: ‘ಫೋಟೋ ತೆಗೆಯಲಾಗುವುದರಿಂದ ಪಾದಗಳು ಶುಚಿಯಾಗಿರಲಿ.’

ಮಕ್ಕಳಿಗೆ ಸಂಸ್ಕಾರ ಕಲಿಸಬೇಕು ಎಂಬುದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಅದು ಬೇರೆಯವರ ಮಕ್ಕಳಿಗಾದರೆ ಇನ್ನೂ ಸಂತೋಷ. ಆದರೆ ಈ ಸಂದೇಶ ಬಂದ ಹೊತ್ತಿಗೆ ನಮ್ಮ ಮನೆಯಲ್ಲಿ ಪಾದವಿರಲಿ, ಮುಖವನ್ನೇ ಒಬ್ಬರದೊಬ್ಬರು ನೋಡದ ಪರಿಸ್ಥಿತಿ ಇತ್ತು. ಚಿನ್ಮಯಿ ಹಿಂದಿನ ವಾರ ಊಟಕ್ಕೆ ಕೂತವಳು, ಮಜ್ಜಿಗೆ ಹಾಕು ಎನ್ನುವಷ್ಟೇ ಸಹಜವಾಗಿ, “ನಾನು ಪಿಯುಸಿಲಿ ಆರ್ಟ್ಸ್ ತಗೋತೀನಿ. ಹಿಸ್ಟರಿ ಓದ್ಬೇಕು” ಅಂದಿದ್ದಳು. ನಮ್ಮ ಮನೆಯವರು ಕಲಸಿದ ಅನ್ನವನ್ನು ಹಾಗೇ ಬಿಟ್ಟರು. ಸೈನ್ಸು, ಅದರ ಮೇಲೊಂದು ಕೋಚಿಂಗು, ಅದರ ಮೇಲೊಂದು ಮೆಡಿಕಲ್ ಸೀಟು ಎಂದು ಅವರು ಮಗಳು ತೊಟ್ಟಿಲಲ್ಲಿದ್ದಾಗಲೇ ಕಟ್ಟಿಟ್ಟ ಮೂರಂತಸ್ತಿನ ಮನೆ ಅದು. “ಈ ಮನೇಲಿ ಬಿ.ಎ. ಓದಿದೋರು ಒಬ್ಬರಿದ್ದಾರಲ್ಲ, ಸಾಕು” ಅಂದರು. ಆ ಒಬ್ಬರು ಆಗ ಅವರ ತಟ್ಟೆಗೆ ಹಪ್ಪಳ ಹಾಕುತ್ತಿದ್ದರು. ಹಾಕಿದವರು ನಕ್ಕರು ಕೂಡ. ಚಿನ್ಮಯಿ ಮಾತ್ರ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಮಜ್ಜಿಗೆ ತರಲು ಒಳಗೆ ಹೋದೆ.

ನಮ್ಮ ಅತ್ತೆಯವರ ವಾದವೇ ಬೇರೆ. “ನಮ್ಮದು ವಿದ್ವಾಂಸರ ಮನೆತನ ಕಣಮ್ಮ. ಅರಮನೇಲಿ ಮುತ್ತಜ್ಜ ಬಂದ್ರೆ ದಿವಾನರೇ ಎದ್ದು ನಿಲ್ತಿದ್ರಂತೆ. ಆ ಮನೆ ಮಗು ಆರ್ಟ್ಸ್ ಅಂದ್ರೆ ಜನ ಏನಂದಾರು” ಎಂದು ನಡುಮನೆಯ ಗೋಡೆಯ ಮೇಲಿದ್ದ ಪೇಟ, ಜರಿ ಶಾಲಿನ ಭಾವಚಿತ್ರವನ್ನು ತೋರಿಸಿದರು. ದಿವಾನರು ಎದ್ದು ನಿಂತದ್ದನ್ನು ಕಂಡವರು ಯಾರೂ ಈಗ ಇಲ್ಲ. ಹೀಗಾಗಿ ವರ್ಷ ವರ್ಷಕ್ಕೂ ಅವರು ಇನ್ನಷ್ಟು ಬೇಗ ಎದ್ದು ನಿಲ್ಲುತ್ತಾರೆ. ಚಿನ್ಮಯಿ ಚಿತ್ರವನ್ನು ನೋಡಿ, “ಅಜ್ಜಿ, ಮುತ್ತಜ್ಜ ಯಾವ ಕಾಂಬಿನೇಷನ್ ತಗೊಂಡಿದ್ರು” ಎಂದು ಕೇಳಿದಳು. ಮುತ್ತಜ್ಜನವರು ಬದುಕಿಡೀ ಓದಿದ್ದು ಕಾವ್ಯ, ವ್ಯಾಕರಣ, ಪುರಾಣ. ಅತ್ತೆಗೆ ತಕ್ಷಣ ಒಲೆಯ ಮೇಲಿಟ್ಟ ಹಾಲು ನೆನಪಾಯಿತು.

ಇಂಥ ಹೊತ್ತಿನಲ್ಲಿ ಪಾದಪೂಜೆ. ನನಗೆ ಪಾದ ತೊಳೆಯುವುದು ಹೊಸದೇನಲ್ಲ. ಆದರೆ ನಾನು ಕಂಡದ್ದು ತಿರುವುಮುರುವಾಗಿ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಪರೀಕ್ಷೆಯ ದಿನ ಬೆಳಿಗ್ಗೆ ಗಣೇಶನ ಗುಡಿಗೆ ಒಂದು ಸುತ್ತು, ಶಾಲೆಯ ಗೇಟಿನಲ್ಲಿ ಮೇರಿಯಮ್ಮನ ಮುಂದೆ ಎದೆಯ ಮೇಲೊಂದು ಶಿಲುಬೆ ಗುರುತು, ಹೀಗೆ ಎರಡೂ ಕಡೆ ಅರ್ಜಿ ಹಾಕಿಯೇ ಗಣಿತದಲ್ಲಿ ಪಾಸಾದವಳು. ಈಸ್ಟರಿಗೆ ಮುಂಚಿನ ಗುರುವಾರ ಗೆಳತಿಯ ಜೊತೆ ಚರ್ಚಿಗೆ ಹೋದಾಗ, ಬಿಳಿ ನಿಲುವಂಗಿಯ ವಯಸ್ಸಾದ ಫಾದರ್ ಮಂಡಿಯೂರಿ ಹನ್ನೆರಡು ಜನರ ಪಾದ ತೊಳೆಯುತ್ತಿದ್ದರು. ಕೂತವರಲ್ಲಿ ನಮ್ಮ ಶಾಲೆಯ ವಾಚ್‌ಮನ್ ಕೂಡ ಇದ್ದ. ಅವನು ನಾಚಿಕೊಂಡು ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಳ್ಳುತ್ತಿದ್ದ, ಫಾದರ್ ಬಿಡದೆ ಹಿಡಿದು ತೊಳೆಯುತ್ತಿದ್ದರು. ಮರುವಾರ ನೀತಿಪಾಠದ ಸಿಸ್ಟರನ್ನು, “ದೊಡ್ಡವರು ಯಾಕೆ ತೊಳೀಬೇಕು” ಎಂದು ಕೇಳಿದೆ. “ಚಿಕ್ಕವರು ಹೇಗೂ ಬಗ್ಗೇ ಇರ್ತಾರಲ್ಲ ಮಗು” ಅಂದರು. ಈ ಕಥೆಯನ್ನು ಅತ್ತೆಗೆ ಹೇಳಿದಾಗ, “ಅವರದ್ದೆಲ್ಲ ತಲೆಕೆಳಗು ಕಣಮ್ಮ” ಎಂದು ಅಕ್ಷತೆಗೆ ಅಕ್ಕಿ ಆರಿಸಲು ಕೂತರು. ಮನೆಯವರಿಗೆ ಪಾದಪೂಜೆಯ ದಿನವೇ ಆಫೀಸಿನಲ್ಲಿ ಇನ್ಸ್‌ಪೆಕ್ಷನ್ನು ಬಂದದ್ದರಿಂದ ಅವರ ಬದಲು ಬರಲು ಅತ್ತೆ ಒಪ್ಪಿದ್ದರು.

ಉಳಿದದ್ದು ಹಿಮ್ಮಡಿ. ನಮ್ಮ ಬಡಾವಣೆ ಲಕ್ಷ್ಮೀಪುರಂನಲ್ಲೇ ಹೋದರೆ ಯಾರಾದರೂ ಕಂಡಾರು ಎಂದು ದೂರದ ಗೋಕುಲಂನ ಬ್ಯೂಟಿ ಪಾರ್ಲರಿಗೆ ಹೋದೆ. ಕಾಲು ಹಿಡಿದ ಕುಂಬಾರಕೊಪ್ಪಲಿನ ಹುಡುಗಿ ನನ್ನ ಹಿಮ್ಮಡಿಯನ್ನು ಬೆಳಕಿಗೆ ತಿರುಗಿಸಿ, “ಇಂಗೆ ಬುಟ್ಬುಟ್ಟಿದ್ದೀರಲ್ಲ ಮೇಡಂ” ಎಂದು ಮರುಗಿದಳು. ಪಕ್ಕದ ಕುರ್ಚಿಯಲ್ಲಿ ಯೋಗ ಕಲಿಯಲು ಬಂದ ವಿದೇಶಿ ಹೆಂಗಸೊಬ್ಬಳು ತಲೆಗೆ ಎಣ್ಣೆ ಹಾಕಿಸಿಕೊಳ್ಳುತ್ತ ಕೂತಿದ್ದಳು. ಆಕೆಯ ಹಿಮ್ಮಡಿ ನನ್ನದಕ್ಕಿಂತ ಒಂದು ಕೈ ಹೆಚ್ಚೇ ಒಡೆದಿತ್ತು. ಚಪ್ಪಲಿ ಬಿಟ್ಟು ನಡೆದರೆ ಭೂಮಿಯ ಶಕ್ತಿ ಮೈಗೆ ಹರಿಯುತ್ತದೆ ಎಂದು ಆಕೆಗೆ ಯಾರೋ ಹೇಳಿದ್ದರಂತೆ. ಆಕೆಯ ದೇಶದವರು ಜ್ಞಾನಕ್ಕಾಗಿ ನಮ್ಮ ರಸ್ತೆಯಲ್ಲಿ ಹಿಮ್ಮಡಿ ಒಡೆದುಕೊಳ್ಳುತ್ತಾರೆ, ನಾವು ಪೂಜೆ ಮಾಡಿಸಿಕೊಳ್ಳಲು ಉಜ್ಜಿಸಿಕೊಳ್ಳುತ್ತೇವೆ. ಯಾರಿಗೆ ಮೋಕ್ಷ ಮೊದಲು ಎಂಬುದನ್ನು ಪಾರ್ಲರಿನ ಹುಡುಗಿಯೇ ಹೇಳಬೇಕು.

ಶಾಲೆಯ ಸಭಾಂಗಣದಲ್ಲಿ ಸಾಲು ಸಾಲಾಗಿ ಕುರ್ಚಿ, ಪ್ರತಿ ಕುರ್ಚಿಯ ಮುಂದೆ ತಟ್ಟೆ. ಅಪ್ಪಂದಿರು ಸಾಕ್ಸ್ ಕಳಚಿ ಎಲ್ಲಿಡುವುದೆಂದು ತಿಳಿಯದೆ ಪ್ಯಾಂಟಿನ ಜೇಬಿಗೆ ತುರುಕಿಕೊಳ್ಳುತ್ತಿದ್ದರು. ಹೊರ ಊರಿನಿಂದ ಬಂದಿದ್ದ ಭಾಷಣಕಾರರು ಮೈಕಿನಲ್ಲಿ ವೀಣೆಯ ಕರುಣಾಜನಕ ಸಂಗೀತ ಹಾಕಿಸಿ, “ಮಕ್ಕಳೇ, ಕಣ್ಮುಚ್ಚಿ. ನಾಳೆ ಬೆಳಿಗ್ಗೆ ನೀವು ಏಳುವಾಗ ನಿಮ್ಮ ತಾಯಿ ಇಲ್ಲ ಎಂದು ಭಾವಿಸಿಕೊಳ್ಳಿ” ಅಂದರು. ತಿಂಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬದುಕಿಯೇ ಇದ್ದ ನಮಗೆ ಏನು ಮಾಡಬೇಕೆಂದು ತೋಚಲಿಲ್ಲ. ಮಕ್ಕಳು ಅತ್ತರು. ಮಕ್ಕಳು ಅತ್ತದ್ದಕ್ಕೆ ತಾಯಂದಿರು ಅತ್ತರು. ಎಲ್ಲಿ ಅಳು ಜೋರಾಗಿತ್ತೋ ಅಲ್ಲಿಗೆ ಫೋಟೋದವನು ಓಡುತ್ತಿದ್ದ. ಮುಂದಿನ ಸಾಲಿನ ಹುಡುಗ ಆಗಷ್ಟೇ ಪೂಜೆ ಮುಗಿಸಿ ಕಣ್ಣೊರೆಸಿಕೊಂಡಿದ್ದ, ಫೋಟೋದವನು ಬಂದು, “ಪುಟ್ಟ, ಸಿಗ್ಲಿಲ್ಲ, ಇನ್ನೊಂದ್ಸಲ ನೀರು ಹಾಕು. ಅಳು ಹಾಗೇ ಇರ್ಲಿ” ಅಂದ. ಪಾಪ, ಹುಡುಗ ಮತ್ತೊಮ್ಮೆ ಅತ್ತ. ಚಿನ್ಮಯಿ ಮಾತ್ರ ಅಳಲಿಲ್ಲ. ನನ್ನ ಕಾಲನ್ನು ತಟ್ಟೆಯಲ್ಲಿಟ್ಟುಕೊಂಡು ಹದವಾಗಿ ನೀರು ಹಾಕಿದಳು, ಅರಿಶಿನ ಹಚ್ಚಿದಳು, ಹೂವಿಟ್ಟಳು. ಹಿಮ್ಮಡಿಯನ್ನು ಬೆರಳಲ್ಲಿ ಸವರಿ ನೋಡಿ, “ಚೆನ್ನಾಗಿ ಮಾಡಿದ್ದಾರೆ” ಎಂದು ಪಿಸುಗುಟ್ಟಿದಳು. ವಾರದ ನಂತರ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

ಆಗ ಭಾಷಣಕಾರರು ಮುಂದಿನ ಅಪ್ಪಣೆ ಕೊಟ್ಟರು. “ಮಕ್ಕಳೇ, ಪಾದ ಹಿಡಿದು ನಿಮ್ಮ ಮನಸ್ಸಿನ ಆಸೆಯನ್ನು ಹೇಳಿಕೊಳ್ಳಿ. ತಂದೆ ತಾಯಿಗಳೇ, ಅಕ್ಷತೆ ಹಾಕಿ, ಹಾಗೇ ಆಗಲಿ ಎನ್ನಿ. ಪ್ರತ್ಯಕ್ಷ ದೇವರ ಮಾತು ಸುಳ್ಳಾಗುವುದಿಲ್ಲ.” ಸುತ್ತಲೂ ಡಿಸ್ಟಿಂಕ್ಷನ್ನು, ರ‍್ಯಾಂಕು, ಸೀಟುಗಳ ಗುಸುಗುಸು ಎದ್ದಿತು. ಪ್ರತ್ಯಕ್ಷ ದೇವರುಗಳು ಹಿಂದುಮುಂದು ನೋಡದೆ ಹಂಚುತ್ತಿದ್ದರು. ಚಿನ್ಮಯಿ ನನ್ನ ಎರಡೂ ಕಾಲಿನ ಹರಡು ಹಿಡಿದುಕೊಂಡು, “ಅಮ್ಮ, ನಾನು ಆರ್ಟ್ಸ್ ತಗೋಬೇಕು” ಅಂದಳು.

“ಮನೇಲಿ ಮಾತಾಡೋಣ ಕಣೇ.”

“ಮನೇಲಿ ನೀನು ಮಜ್ಜಿಗೆ ತರೋಕೆ ಹೋಗ್ತೀಯ. ಈಗ ಹೇಳು.”

ನಾನು ಕಾಲೆಳೆದುಕೊಳ್ಳಲು ನೋಡಿದೆ. ಅವಳು ಬಿಡಲಿಲ್ಲ. ಬೆಂಚಿನ ಕೆಳಗೆ ಕಾಲು ಬಚ್ಚಿಡುತ್ತಿದ್ದ ವಾಚ್‌ಮನ್ನನ ಸಂಕಟ ನನಗೆ ಆಗ ಅರ್ಥವಾಯಿತು. ಫೋಟೋದವನು ಕ್ಯಾಮೆರಾ ಹಿಡಿದು ನಿಂತ. ಹೆಡ್‌ಮಿಸ್ಟ್ರೆಸ್ಸು ನಗುತ್ತ ಬಂದು ನಿಂತರು. ಪಕ್ಕದಲ್ಲಿ ಕೂತಿದ್ದ ಅತ್ತೆ ನಮ್ಮ ಗುಸುಗುಸು ಕೇಳಿಸದೆ, “ಕಾಲು ಹಿಡ್ಕೊಂಡ ಮಗೂನ ಕಾಯಿಸ್ಬಾರ್ದು ಕಣಮ್ಮ, ಹಾಕು ಅಕ್ಷತೆ” ಎಂದು ಮೊಣಕೈಯಲ್ಲಿ ತಿವಿದರು. ಬಗ್ಗಿ ನೋಡಿದೆ. ನಗದೆ ನನ್ನನ್ನೇ ನೋಡುತ್ತಿದ್ದಳಲ್ಲ ಆ ದಿನ ಊಟದ ಹೊತ್ತಿನಲ್ಲಿ, ಅದೇ ಕಣ್ಣು. ನಾನು ಅಕ್ಷತೆ ಹಾಕಿ, “ಹಾಗೇ ಆಗಲಿ” ಅಂದೆ.

ಮನೆಗೆ ಬರುವಾಗ ಆಟೋದಲ್ಲಿ ಅತ್ತೆಗೆ ವಿಷಯ ತಿಳಿಯಿತು. ಸಂಜೆ ಮನೆಯವರು ಕೇಳಿ ಕೆಂಡವಾದರು. “ಯಾವ್ದೋ ಶಾಲೆ ನಾಟಕದಲ್ಲಿ ನಾಲ್ಕು ಕಾಳು ಅಕ್ಕಿ ಹಾಕಿದ್ದಕ್ಕೆಲ್ಲ ಬೆಲೆ ಇಲ್ಲ” ಅಂದರು.

“ನಿನ್ನ ಮದ್ವೆ ಆಗಿದ್ದೂ ನಾಲ್ಕು ಕಾಳು ಅಕ್ಕಿ ಹಾಕೇ ಕಣೋ” ಅಂದರು ಅತ್ತೆ.

ಮನೆಯವರು ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿದೆ.

“ನೀನೇ ತಾನೇ ಅಮ್ಮ ಬೇಡ ಅಂತಿದ್ದಿದ್ದು” ಎಂದು ಅವರು ತಾಯಿಯತ್ತ ತಿರುಗಿದರು.

“ಅಂತಿದ್ದೆ. ಈಗ್ಲೂ ನಂಗೆ ಇಷ್ಟ ಇಲ್ಲ. ಆದ್ರೆ ನೀರು ಬಿಟ್ಟು, ಅಕ್ಷತೆ ಹಾಕಿ ಕೊಟ್ಟ ಮಾತು. ವಾಪಸ್ ತಗೊಂಡ್ರೆ ಆ ದೋಷ ಮಗೂಗೇ. ಹಾಕು ಅಂತ ತಿವಿದಿದ್ದು ಬೇರೆ ನಾನು.” ಸಮ್ಮತಿ ಇಲ್ಲದೆಯೂ ನಂಬಿಕೆಗೆ ಕಟ್ಟುಬಿದ್ದ ಅತ್ತೆಯ ಮುಂದೆ ಮನೆಯವರ ಮೂರಂತಸ್ತೂ ಕೂತುಹೋಯಿತು. ಚಿನ್ಮಯಿ ಬಹಳ ವಿನಯದಿಂದ ಅಪ್ಪನಿಗೂ ಅಜ್ಜಿಗೂ ನಮಸ್ಕಾರ ಮಾಡಿದಳು. ಅಪ್ಪ ಕಾಲನ್ನು ಸೋಫಾದ ಮೇಲಕ್ಕೆ ಎತ್ತಿಕೊಂಡರು. ಸಂಸ್ಕಾರ ದಿನ ಇಷ್ಟು ಫಲ ಕೊಟ್ಟ ಮನೆ ಬೇರೊಂದು ಇರಲಾರದು; ಶಾಲೆಯವರಿಗೆ ತಿಳಿಸಲಿಲ್ಲ ಅಷ್ಟೆ.

ಅವರು ಕಳಿಸಿದ ಫೋಟೋ ಈಗ ಕಟ್ಟು ಹಾಕಿಸಿಕೊಂಡು ಮುತ್ತಜ್ಜನವರ ಪಕ್ಕದಲ್ಲಿದೆ. ಅಭಯಹಸ್ತ, ಅರೆಮುಚ್ಚಿದ ಕಣ್ಣು, ಥಳಥಳಿಸುವ ಪಾದ. ನೋಡಿದವರೆಲ್ಲ, “ಎಂಥ ಶಾಂತಿ ಕಣ್ರೀ ನಿಮ್ಮ ಮುಖದಲ್ಲಿ” ಅನ್ನುತ್ತಾರೆ. ಕಾಲಿನ ಹರಡು ಮಗಳ ಕೈಗೆ ಸಿಕ್ಕಿಬಿದ್ದಾಗ ನನ್ನ ಮುಖ ಹಾಗಾಗುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಮೊನ್ನೆ ಬಂದ ನೆಂಟರೊಬ್ಬರು ಅದನ್ನು ನೋಡುತ್ತ, ಮಗಳು ಮುಂದೇನು ಓದುತ್ತಾಳೆ ಎಂದು ಕೇಳಿದರು. ಮನೆಯವರು ಪೇಪರಿನ ಹಿಂದೆ ಹೋದರು. ಅತ್ತೆ ಸೆರಗು ಸರಿಮಾಡಿಕೊಂಡು, “ಹಿಸ್ಟರಿ ಓದ್ತಾಳೆ. ಮುತ್ತಜ್ಜನ ದಾರಿ ಹಿಡಿದಿದ್ದಾಳೆ ಕಣ್ರೀ. ನಮ್ಮ ಮನೇಲಿ ಆ ಕಡೆ ಹೋದೋರು ಅವರಾದ ಮೇಲೆ ಇವಳೇ” ಅಂದರು. ನಾನೂ ಅದೇ ದಾರಿಯಲ್ಲಿ ಬಂದವಳು, ಬಿ.ಎ.ನಲ್ಲಿ ಫಸ್ಟ್ ಕ್ಲಾಸು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ, “ಹಾಗೇ ನಿಂತ್ಕೊಂಡ್ಯಲ್ಲಮ್ಮ, ಕಾಫಿ ತಾ” ಅಂದರು. ಪ್ರತ್ಯಕ್ಷ ದೇವರು ಒಳಗೆ ಹೋಗಿ ಡಿಕಾಕ್ಷನ್ ಬಿಸಿಗಿಟ್ಟಿತು. ಹಿಮ್ಮಡಿ ಮತ್ತೆ ಬಿರಿಯತೊಡಗಿದೆ.