ಮೇಷ್ಟ್ರ ಮನೆಗೊಂದು ಗಾತೊ ಬೇಕಾಗಿದೆ

ಐವತ್ತೆಂಟರ ಹೆಂಡತಿ ಕಾರು ಕಲಿಯುವುದೆಂದರೆ ಗಂಡ ಸಿಂಹಾಸನ ಕಳೆದುಕೊಂಡಂತೆ. ಚೊಲುಲಾ ಊರಿನ ನಿವೃತ್ತ ವ್ಯಾಕರಣ ಮೇಷ್ಟ್ರು ಫಿದೆನ್ಸಿಯೊ ಹಾಗೆಂದೇ ನಂಬಿದ್ದರು. "ನಾನಿದ್ದೀನಲ್ಲ, ನಿನಗ್ಯಾಕೆ ಆ ಉಸಾಬರಿ?" ಎಂದು ವರ್ಷಗಟ್ಟಲೆ ತಳ್ಳಿಹಾಕಿದ್ದರು. ಹೆಂಡತಿ ಎರ್ಮೆಲಿಂದಾ ಬಿಡುವವಳೇ? ತಂಗಿಯ ಕಾರಿನಲ್ಲಿ ಗುಟ್ಟಾಗಿ ಕಲಿತು, ಲೈಸೆನ್ಸ್ ಪರೀಕ್ಷೆಗೆ ದಿನವನ್ನೂ ಗೊತ್ತುಮಾಡಿಕೊಂಡು ಬಂದಳು.

ಪರೀಕ್ಷೆಯ ಬೆಳಿಗ್ಗೆ ನೋಡಿದರೆ ಮನೆಯ ಕಾರಿನ ಟೈರು ಪಂಕ್ಚರ್! (ಮೇಷ್ಟ್ರ ಎದೆಯಲ್ಲಿ ಸಣ್ಣದೊಂದು ವಾದ್ಯಗೋಷ್ಠಿ ನಡೆಯಿತೆಂಬುದನ್ನು ಮುಚ್ಚಿಡುವುದೇಕೆ.) ಡಿಕ್ಕಿ ತೆರೆದರೆ ಜಾಕ್ ಇಲ್ಲ.

ನಮ್ಮ ಕಡೆ ಜಾಕನ್ನು ಗಾತೊ ಅನ್ನುತ್ತೇವೆ. ಬೆಕ್ಕಿಗೂ ಅದೇ ಹೆಸರು. ಮೇಷ್ಟ್ರು ಬೀದಿಯಲ್ಲಿ ನಿಂತು ಕೂಗಿದರು: "ಯಾರಾದ್ರೂ ಒಂದು ಗಾತೊ ಕೊಡ್ರಪ್ಪಾ! ಅರ್ಜೆಂಟು!"

ಎದುರುಮನೆಯ ದೊನ್ಯಾ ಚೋಲೆ ಓಡಿಬಂದು ಕುಂಬಳಕಾಯಿಯಂಥ ಬೆಕ್ಕನ್ನು ಅವರ ತೋಳಿಗೆ ತುರುಕಿದಳು. "ಇಲಿ ಕಾಟವಾ ಮೇಷ್ಟ್ರೇ? ಇವನು ಒಂದನ್ನೂ ಬಿಡಲ್ಲ."

"ಇದಲ್ಲ ತಾಯಿ, ಕಬ್ಬಿಣದ್ದು!"

ಅದನ್ನು ಕೇಳಿಸಿಕೊಂಡ ಬಡಗಿ ದೋನ್ ರುಟಿಲಿಯೊ, ಅಂಟು ಹಚ್ಚಿದ ಹಲಗೆಗಳನ್ನು ಬಿಗಿಹಿಡಿಯುವ ತಿರುಪಿನ ಇಕ್ಕಳ ತಂದ. "ತಗೊಳ್ಳಿ, ನಮ್ಮ ಕಸುಬಿನ ಗಾತೊ. ಏನನ್ನ ಬಿಗೀಬೇಕು?"

"ಈ ಮುದುಕನ ಬಾಯನ್ನ," ಎಂದಳು ಎರ್ಮೆಲಿಂದಾ.

ಮೇಷ್ಟ್ರು ರಿಪೇರಿಯವರಿಗೆ ಫೋನು ಹಚ್ಚಿದರು. ಯಂತ್ರದ ಹೆಣ್ಣುದನಿ ಉಲಿಯಿತು: "ನಿಮ್ಮ ನಂಬರ್ ಒತ್ತಿ, ನಂತರ ಗಾತೊ ಒತ್ತಿ." (ಫೋನಿನ ಅಡ್ಡಗೆರೆ-ಉದ್ದಗೆರೆಯ '#' ಗುಂಡಿಗೂ ಅದೇ ನಾಮಧೇಯ!) ಗಡಿಬಿಡಿಯಲ್ಲಿ ಮೇಷ್ಟ್ರು ಒತ್ತಿದ್ದು ಕಂಕುಳಲ್ಲಿದ್ದ ಗಾತೊವನ್ನು. ಅದು ಮೇಷ್ಟ್ರ ಮೂಗಿನ ಮೇಲೆ ಗೆರೆ ಎಳೆದು ನೆಗೆಯಿತು.

ಯಾರೂ ನಗಲಿಲ್ಲ. ಇಸ್ತ್ರಿ ಮಾಡಿದ ರವಿಕೆ ತೊಟ್ಟ ಎರ್ಮೆಲಿಂದಾ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು. "ಇವತ್ತು ತಪ್ಪಿದ್ರೆ ಇನ್ನು ಮಳೆಗಾಲ ಕಳೆದ ಮೇಲೇ," ಎಂದಳು. ಮೇಷ್ಟ್ರ ಎದೆಯ ವಾದ್ಯಗೋಷ್ಠಿ ಸದ್ದಡಗಿತು. ಆ ಟೈರು ಹೇಗಾದರೂ ಸರಿಯಾಗಲಿ ಎಂದು ಮೇಷ್ಟ್ರು ಮೊದಲ ಬಾರಿಗೆ ಮನಸಾರೆ ಬಯಸಿದರು.

"ಮುದುಕೀ, ಬಾ, ನಡ್ಕೊಂಡಾದ್ರೂ ಹೋಗೋಣ."

"ಕಾರಿಲ್ಲದೆ ಕಾರಿನ ಪರೀಕ್ಷೆಗಾ?" ಎಂದವಳು ತಟ್ಟನೆ ಎದ್ದಳು. "ಅಯ್ಯೋ! ಗಾತೊ ನಮ್ಮ ಮಂಚದ ಕೆಳಗಿದೆ!"

"ಬೆಕ್ಕಾ?"

"ಕಾರಿಂದು ಕಣೋ ಮುದುಕಾ! ಮಂಚದ ಕಾಲು ಮುರಿದಾಗ 'ನಾಳೆ ಸರಿಮಾಡ್ತೀನಿ' ಅಂತ ಆಸರೆಗೆ ಕೊಟ್ಟೋನು ನೀನೇ ಅಲ್ವಾ?"

ಒಳಗೆ ಧಡಾರ್ ಎಂದು ಮಂಚ ಮಲಗಿದ ಸದ್ದು. ಎರ್ಮೆಲಿಂದಾ ಜಾಕ್ ಹಿಡಿದು ಬಂದಳು. ಟೈರನ್ನು ಅವಳೇ ಬದಲಿಸಿದಳು. (ತಂಗಿ ಅದನ್ನೂ ಕಲಿಸಿದ್ದಳು.) ಮೇಷ್ಟ್ರು ನಟ್ಟುಗಳನ್ನು ಅಂಗೈಯಲ್ಲಿ ಹಿಡಿದು ನಿಲ್ಲುವ ಘನಕಾರ್ಯ ನಿರ್ವಹಿಸಿದರು.

ಪರೀಕ್ಷೆಯಲ್ಲಿ ಅವಳು ಕಾರನ್ನು ಹಿಮ್ಮುಖವಾಗಿ ನಡೆಸಿ, ಎರಡು ಲಾರಿಗಳ ನಡುವೆ ಬೆಣ್ಣೆಯಲ್ಲಿ ಕೂದಲೆಳೆದಂತೆ ನಿಲ್ಲಿಸಿದಳು. "ಪಾಸ್!" ಎಂದ ಅಧಿಕಾರಿ ಮೇಷ್ಟ್ರತ್ತ ತಿರುಗಿದ. "ಬರುವಾಗ ಜೊತೆಗೆ ಕೂತಿದ್ದೋರು ನೀವಲ್ವಾ? ಕಲಿಯೋರ ಪಕ್ಕ ಲೈಸೆನ್ಸ್ ಇರೋರು ಇರಬೇಕು, ನಿಮ್ಮದು ತೋರಿಸಿ."

ಮೇಷ್ಟ್ರು ಹೆಮ್ಮೆಯಿಂದ ತೆಗೆದುಕೊಟ್ಟರು. ಅಧಿಕಾರಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಅಜ್ಜಾ, ಇದರ ಅವಧಿ ಮುಗಿದು ಯಾವ ಕಾಲವಾಯ್ತು! ನೀವೂ ಹೊಸದಾಗಿ ಪರೀಕ್ಷೆ ಕೊಡಬೇಕು. ಅಲ್ಲಿವರೆಗೆ ಸ್ಟಿಯರಿಂಗ್ ಮುಟ್ಟಬೇಡಿ."

ಎರ್ಮೆಲಿಂದಾ ಗಂಡನಿಗಾಗಿ ಪಕ್ಕದ ಬಾಗಿಲು ತೆರೆದಳು. ಅರ್ಧ ದಾರಿಯವರೆಗೂ ಮೇಷ್ಟ್ರು ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇದ್ದರು. ಆಮೇಲೆ ಕಾಲು ತಾನಾಗಿ ಸಡಿಲವಾಯಿತು. ಕಿಟಕಿ ಇಳಿಸಿ, "ಪರವಾಗಿಲ್ಲ ಮುದುಕಿ, ಚೆನ್ನಾಗೇ ಓಡಿಸ್ತೀಯ," ಎಂದರು.

"ನಾಳೆಯಿಂದ ನಿನಗೂ ಕಲಿಸ್ತೀನಿ," ಎಂದಳವಳು ಗೇರು ಬದಲಿಸುತ್ತಾ. "ಆದ್ರೆ ನಾನು ಬೈದಾಗ ಅಳಬಾರದು, ಅಷ್ಟೆ."