ಮೆಣಸಿನಕಾಯಿ ಗಾಡಿಯಲ್ಲಿ ಮನೆ ಸಾಗಿಸಿದ್ದು

ಮನೆ ಬದಲಾಯಿಸುವುದು ಒಂದು ಕಲೆ. ಆ ಕಲೆ ನನಗೆ ಹುಟ್ಟಿನಿಂದಲೇ ಒಲಿದಿದೆ ಎಂದು ಕಳೆದ ಮಾಘ ಮಾಸದವರೆಗೂ ನಾನು ದೃಢವಾಗಿ ನಂಬಿದ್ದೆ. ಅದುವರೆಗೆ ಒಂದು ಸಲವೂ ಮನೆ ಬದಲಾಯಿಸಿರಲಿಲ್ಲವಾದ್ದರಿಂದ ನಂಬಿಕೆಗೆ ಯಾವ ಧಕ್ಕೆಯೂ ಬಂದಿರಲಿಲ್ಲ!

ಹಿಂದೂಪುರದಲ್ಲಿ ನಾವಿದ್ದ ಬಾಡಿಗೆ ಮನೆಯ ಗೋಡೆಗೆ ಅಂಟಿಕೊಂಡೇ ಒಂದು ಹಿಟ್ಟಿನ ಗಿರಣಿ ಇತ್ತು. ರಾಗಿಯದೋ ಜೋಳದ್ದೋ, ಹಿಟ್ಟನ್ನು ಊರಿನವರು ತಮ್ಮ ಮನೆಗೆ ಒಯ್ಯುತ್ತಿದ್ದರು, ಧೂಳು ನಮ್ಮ ಮನೆಗೆ ಬರುತ್ತಿತ್ತು. ನಾಲ್ಕು ವರ್ಷದ ಮಗಳು ಗೌರಿಗೆ ಹಿಡಿದ ಕೆಮ್ಮು ಬಿಡಲೇ ಇಲ್ಲ. ಕೆಮ್ಮಿ ಕೆಮ್ಮಿ ಎದೆಯೊಳಗೆ ಸುಂಯ್ ಎಂದು ಸದ್ದಾಗುತ್ತಿತ್ತು. ಅದನ್ನು ಕೇಳಿದಾಗಲೆಲ್ಲ ನನಗೆ ತಿಂದ ಅನ್ನ ಒಳಗೆ ಇಳಿಯುತ್ತಿರಲಿಲ್ಲ. "ಔಷಧಿ ನಾನು ಕೊಡ್ತೀನಿ. ಧೂಳಿನಿಂದ ದೂರ ಇಡೋದು ನಿಮ್ಮ ಕೆಲಸ" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು.

ನಾನು ಕೆಲಸ ಮಾಡುವ ಪಂಪ್‌ಸೆಟ್ ಅಂಗಡಿಯ ಯಜಮಾನರು ಆಗ ತಾನೇ ಕಲ್ಯಾಣದುರ್ಗದಲ್ಲಿ ಇನ್ನೊಂದು ಅಂಗಡಿ ತೆರೆದಿದ್ದರು. ಅಲ್ಲಿಗೆ ಹೋಗಲು ಯಾರೂ ಮುಂದೆ ಬರಲಿಲ್ಲ. ನಾನು ಕೈ ಎತ್ತಿದೆ. ಮುಂದಿನ ಕೆಲಸವನ್ನೆಲ್ಲ ನನ್ನ ಹೆಂಡತಿ ಗಿರಿಜ ಮಾಡಿದಳು. ಒಂದೂವರೆ ವರ್ಷದ ಮಗ ಶಂಭುವನ್ನು ಸೊಂಟದಲ್ಲಿಟ್ಟುಕೊಂಡು ಕಲ್ಯಾಣದುರ್ಗದ ಬೀದಿಗಳನ್ನೆಲ್ಲ ಸುತ್ತಿ, ಸಿದ್ದಮ್ಮ ಎಂಬ ಅಜ್ಜಿಯ ಮನೆಯಲ್ಲಿ ಅರ್ಧ ಭಾಗವನ್ನು ಬಾಡಿಗೆಗೆ ಹಿಡಿದಳು. ಅಗಲವಾದ ಅಂಗಳ, ಬೇವಿನ ಮರ, ಹತ್ತಿರದಲ್ಲೆಲ್ಲೂ ಗಿರಣಿ ಇಲ್ಲ. ನೆಲ, ಗೋಡೆ, ಕಿಟಕಿ ಎಲ್ಲವನ್ನೂ ತೊಳೆದು, ಒರೆಸಿ ಬಂದಳು. ಇಷ್ಟೆಲ್ಲ ಆದಮೇಲೆ ನನ್ನ ಪಾಲಿಗೆ ಉಳಿದದ್ದು ಒಂದೇ ಕೆಲಸ. ಸಾಮಾನು ಸಾಗಿಸುವುದು.

"ಒಂದು ಒಳ್ಳೆ ಗಾಡಿ ನೋಡ್ರೀ" ಎಂದಳು ಗಿರಿಜ. "ನಾಕು ಕಾಸು ಹೆಚ್ಚಾದ್ರೂ ಆಗ್ಲಿ. ಮಗೀನ ಹಾಸ್ಗೆ ಧೂಳಾಗ್ಬಾರ್ದು."

"ನೀನು ಸುಮ್ಕಿರು ಕಣೆ. ಇದೊಂದು ನನಗೆ ಬಿಟ್ಬುಡು."

ಮಿತವ್ಯಯ ನನ್ನ ರಕ್ತದಲ್ಲಿದೆ. ಮುಗಿದುಹೋದ ಟೂತ್‌ಪೇಸ್ಟ್ ಟ್ಯೂಬಿನ ಮೇಲೆ ಲಟ್ಟಣಿಗೆ ಉರುಳಿಸಿ ಇನ್ನೂ ಮೂರು ದಿನ ಹಲ್ಲುಜ್ಜುವವನು ನಾನು. ಅಂಥವನು ಪೂರಾ ಬಾಡಿಗೆ ಕೊಟ್ಟು ಗಾಡಿ ತರುವುದುಂಟೇ? ನೇರವಾಗಿ ಹಿಂದೂಪುರದ ಮಾರುಕಟ್ಟೆಗೆ ಹೋದೆ. ಸರಕು ಇಳಿಸಿ ಊರಿಗೆ ಖಾಲಿ ಹೋಗುವ ಗಾಡಿಗಳು ಅಲ್ಲಿ ಸಾಲಾಗಿ ನಿಂತಿರುತ್ತವೆ. ರಿಟರ್ನ್ ಗಾಡಿ ಎಂದರೆ ಅರ್ಧಕ್ಕರ್ಧ ಬಾಡಿಗೆ! ಕಲ್ಯಾಣದುರ್ಗದ ಕಡೆಯ ಓಬುಲೇಶು ಎಂಬ ಚಾಲಕನ ಮಿನಿ ಲಾರಿ ಸಿಕ್ಕಿತು. ಎಲ್ಲವೂ ಇಷ್ಟು ಸಲೀಸಾಗಿ ಆಯಿತಲ್ಲ ಎಂದು ನನ್ನ ಬಗ್ಗೆ ನನಗೇ ಗೌರವ ಮೂಡಿತು.

ಆ ಸಂಜೆ ಗಿರಿಜ ಕೇಳಿದಳು, "ಆ ಗಾಡಿ ಇಲ್ಲಿಗೆ ಏನು ತಂದಿತ್ತಂತೆ?"

"ಖಾಲಿ ಗಾಡಿ ಕಣೆ. ಖಾಲಿ ಅಂದ್ರೆ ಖಾಲಿ!"

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಒಳಗೆ ಹೋಗಿ ಒಂದು ಮೂಟೆ ಕಟ್ಟತೊಡಗಿದಳು. ಏನೆಂದು ಕೇಳಿದ್ದಕ್ಕೆ, "ಮಕ್ಕಳದ್ದು. ನಾನೇ ಬಸ್ಸಾಗೆ ತಕ್ಕೊಂಡೋಯ್ತೀನಿ" ಎಂದಳು. ಇಡೀ ಲಾರಿ ಇರುವಾಗ ಬಸ್ಸಿನಲ್ಲಿ ಮೂಟೆ ಹೊರುವ ಹೆಂಡತಿ! ಹೆಂಗಸರಿಗೆ ವ್ಯವಹಾರ ತಿಳಿಯದು ಎಂದು ಒಳಗೊಳಗೇ ನಕ್ಕೆ.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಅವಳು ಮಕ್ಕಳನ್ನೂ ಮೂಟೆಯನ್ನೂ ಹಾಲಿನ ಪಾತ್ರೆಯನ್ನೂ ಹಿಡಿದು ಹೊರಟಳು. ಸಾಮಾನು ಬರುವ ಮೊದಲು ಹೊಸ ಮನೆಯಲ್ಲಿ ಹಾಲು ಉಕ್ಕಿಸಬೇಕಿತ್ತು. ಇತ್ತ ಓಬುಲೇಶುವಿನ ಲಾರಿ ಬಂತು. ಹಿಂಬದಿಯ ಹಲಗೆ ತೆಗೆದರೆ ನೆಲದ ಮೇಲೆ ಕೆಂಪು ಪುಡಿ, ಮೂಲೆಯಲ್ಲಿ ಹಳದಿ ಬೀಜ. ಹಿಂದಿನ ದಿನ ಅದು ಒಣಮೆಣಸಿನಕಾಯಿ ತಂದಿತ್ತು.

"ಕಸ ಗುಡಿಸಬೇಕಾ?" ಎಂದೆ.

"ಏಮೀ ಕಾದು ಅನ್ನಾ! ಏನೂ ಆಗಲ್ಲ. ಮೆಣಸಿನಕಾಯಿ ಲಕ್ಷ್ಮಿ ಇದ್ದಂಗೆ" ಎಂದ ಓಬುಲೇಶು.

ಲಕ್ಷ್ಮಿಯನ್ನು ಗುಡಿಸುವುದುಂಟೇ? ಇನ್ನು ಟಾರ್ಪಾಲಿನ ಖರ್ಚು ಯಾಕೆ ಎಂದು ನಾನೇ ಒಂದು ಉಪಾಯ ಹೂಡಿದೆ. ಹಾಸಿಗೆಗಳನ್ನು ಕೆಳಗೆ ಹಾಸಿದೆ. ಅವುಗಳ ಮೇಲೆ ಪಾತ್ರೆ, ಬೀರು, ಗ್ರೈಂಡರ್. ಏನೂ ಒಡೆಯುವುದಿಲ್ಲ! ಪಾತ್ರೆಗಳ ಸಂದಿಗೆ ದಿಂಬು, ಕೌದಿ, ಬಟ್ಟೆಗಂಟು ತುರುಕಿದೆ. ಟಿವಿಯನ್ನು ತೊಡೆಯ ಮೇಲಿಟ್ಟುಕೊಂಡು ಹಾಸಿಗೆಯ ಅಂಚಿನಲ್ಲಿ ನಾನೇ ಕುಳಿತೆ. ಅಷ್ಟು ಅಚ್ಚುಕಟ್ಟಾಗಿ ಯಾವ ಲೋಡೂ ಹಿಂದೂಪುರದಿಂದ ಹೊರಟಿರಲಿಕ್ಕಿಲ್ಲ.

ಪರಿಗಿ ದಾಟುವಷ್ಟರಲ್ಲಿ ಮೊದಲ ಸೀನು ಬಂತು. ನಂತರದ ಸೀನುಗಳನ್ನು ನಾನು ಎಣಿಸಲಿಲ್ಲ. ಲಾರಿ ಕುಲುಕಿದಾಗಲೆಲ್ಲ ಹಲಗೆಗಳ ಸಂದಿಯಿಂದ ಲಕ್ಷ್ಮಿ ಎದ್ದು ಬಂದು ನನ್ನ ಮೂಗಿನಲ್ಲಿ ನೆಲೆಸುತ್ತಿದ್ದಳು. ಕಣ್ಣು ಉರಿಯಿತು. ಕೈಯಿಂದ ಉಜ್ಜಿದೆ. ಆ ಕೈಯಿಂದಲೇ ಹಾಸಿಗೆ ಹಿಡಿದುಕೊಂಡಿದ್ದೆ ಎಂಬುದು ನೆನಪಾಗುವಷ್ಟರಲ್ಲಿ ಎರಡೂ ಕಣ್ಣು ಮುಚ್ಚಿಹೋಗಿದ್ದವು!

ರೊದ್ದಂನಲ್ಲಿ ಓಬುಲೇಶು ಟೀಗೆ ನಿಲ್ಲಿಸಿದ. ಹೋಟೆಲಿನ ಮುಂದೆ ಕುಳಿತಿದ್ದ ಹಿರಿಯರೊಬ್ಬರು ಲಾರಿಯತ್ತ ನೋಡಿದರು. ಮನೆಯ ಸಾಮಾನೆಲ್ಲ ಲಾರಿಯಲ್ಲಿ. ಅದರ ನಡುವೆ ಟಿವಿ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿರುವ ಒಬ್ಬ ಗಂಡಸು. ಹೆಂಡತಿ ಮಕ್ಕಳು ಕಾಣುತ್ತಿಲ್ಲ.

"ಏನಾಯ್ತಪ್ಪ? ಹೆಂಡ್ತಿ ತವರಿಗೋದ್ಲಾ?" ಎಂದು ಮೆಲ್ಲಗೆ ಕೇಳಿದರು.

"ಇಲ್ಲ ತಾತ, ಮೊದಲನೇ ಬಸ್ಸಿಗೇ..." ಎನ್ನುವಷ್ಟರಲ್ಲಿ ಸೀನು ಬಂದು ಮಾತು ತುಂಡಾಯಿತು.

"ಬಸ್ಸಿಗೇ ಹೊಂಟೋದ್ಲಾ! ಆಗ್ಲಿ ಬುಡು, ಅಳಬ್ಯಾಡ. ಬತ್ತಾಳೆ. ಇವ್ನಿಗೊಂದು ಟೀ ಕೊಡ್ರಪ್ಪ, ದುಡ್ಡು ನಾನು ಕೊಡ್ತೀನಿ."

ಇಂಥ ಸಮಯದಲ್ಲಿ ಸತ್ಯವನ್ನು ವಿವರಿಸುವುದು ಧರ್ಮ. ಆದರೆ ಟೀ ಪುಕ್ಕಟೆ. ನಾನು ಇನ್ನೂ ಸ್ವಲ್ಪ ಬಿಕ್ಕಿ, ಟೀ ಕುಡಿದೆ.

ಕಲ್ಯಾಣದುರ್ಗ ತಲುಪುವ ಹೊತ್ತಿಗೆ ಗಿರಿಜ ಹಾಲು ಉಕ್ಕಿಸಿ, ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು, ಬಾಗಿಲಲ್ಲಿ ನಿಂತಿದ್ದಳು. ಕನ್ನಡಿಯಂತೆ ಹೊಳೆಯುವ ನೆಲದ ಮೇಲೆ ಗೌರಿ ಆಡುತ್ತಿದ್ದಳು. ತಿಂಗಳುಗಳ ಮೇಲೆ ಮೊದಲ ಸಲ ಮಗಳು ಕೆಮ್ಮದೆ ಕುಳಿತದ್ದನ್ನು ಕಂಡೆ. ನನ್ನ ಕಣ್ಣು ತುಂಬಿ ಬಂತು. ಆಗಲೇ ತುಂಬಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

"ಯಾಕ್ರೀ ಮುಖ ಹಿಂಗೆ ಊದೈತೆ?" ಎಂದಳು ಗಿರಿಜ.

"ಬಿಸಿಲು" ಎಂದೆ.

ಅಷ್ಟಕ್ಕೇ ಬಿಟ್ಟಿದ್ದರೆ ನಾನು ನಾನಾಗುತ್ತಿರಲಿಲ್ಲ. ಅವಳಿಗೆ ಗೊತ್ತಾಗುವ ಮೊದಲೇ ಘಾಟು ಓಡಿಸಬೇಕೆಂದು, ಮೇಲಿನ ಸಾಮಾನು ಇಳಿಸಿದವನೇ ಹಾಸಿಗೆಯನ್ನು ಅವಸರದಲ್ಲಿ ನಡುಮನೆಗೆ ಎಳೆದು, ಕೋಲು ತೆಗೆದುಕೊಂಡು ನಾಲ್ಕು ಬಾರಿಸಿದೆ. ಕೆಂಪು ಮೋಡ ಎದ್ದಿತು. ಮೋಡ ಹೊರಗೆ ಹೋಗಲೆಂದು ಫ್ಯಾನನ್ನು ಐದಕ್ಕೆ ತಿರುಗಿಸಿದೆ. ಮೋಡ ಹೊರಗೆ ಹೋಗಲಿಲ್ಲ. ಮನೆಯ ಮೂಲೆಮೂಲೆಗೂ ಸಮನಾಗಿ ಹಂಚಿಹೋಯಿತು!

ಓಬುಲೇಶು ಕೆಮ್ಮಿದ. ಹೊಸ ಬಾಡಿಗೆದಾರರನ್ನು ನೋಡಲು ಬಂದ ಸಿದ್ದಮ್ಮ ಕೆಮ್ಮಿದರು. ಶಂಭು ಮಾತ್ರ, ಇವರೆಲ್ಲ ತನ್ನನ್ನು ನಗಿಸಲು ಹೀಗೆ ಮಾಡುತ್ತಿದ್ದಾರೆಂದು ಸೀನಿಗೊಮ್ಮೆ ಕೇಕೆ ಹಾಕಿದ. ಆಮೇಲೆ ಗೌರಿ ಕೆಮ್ಮಿದಳು. ಒಂದಲ್ಲ, ಎರಡಲ್ಲ. ಮುಖ ಕೆಂಪಾಗಿ, ಎದೆ ಮತ್ತೆ ಸುಂಯ್ ಎಂದಿತು. ಧೂಳಿನಿಂದ ತಪ್ಪಿಸಲು ಊರು ಬಿಟ್ಟು ಕರೆತಂದ ಮಗುವಿಗೆ ಅಪ್ಪನೇ ಮೆಣಸಿನ ಧೂಳು ಕುಡಿಸಿದ್ದ. ಕೋಲು ಹಿಡಿದು ಸುಮ್ಮನೆ ನಿಂತುಬಿಟ್ಟೆ.

ಗಿರಿಜ ನಿಲ್ಲಲಿಲ್ಲ. ಒಂದು ಕೈಯಲ್ಲಿ ಶಂಭು, ಇನ್ನೊಂದು ಕೈಯಲ್ಲಿ ಗೌರಿ, ಅಂಗಳ ದಾಟಿ ಸಿದ್ದಮ್ಮನ ಪಾಲಿನ ಮನೆಯೊಳಗೆ ಹೋಗಿ ಬಾಗಿಲು ಹಾಕಿದಳು. ಬೆಳಿಗ್ಗೆ ಬಂದಾಗಲೇ ಅಲ್ಲಿಟ್ಟಿದ್ದ ಬಸ್ಸಿನ ಮೂಟೆ ಬಿಚ್ಚಿದಳು. ಅದರಲ್ಲಿ ಒಗೆದ ದುಪ್ಪಟಿ ಇತ್ತು, ದಿಂಬು ಇತ್ತು, ಇಬ್ಬರ ಬಟ್ಟೆ ಇತ್ತು, ಗೌರಿಯ ಉಸಿರಿಗೆ ಎಳೆಸುವ ಔಷಧಿಯ ಪಂಪೂ ಇತ್ತು. ಕಿಟಕಿಯಿಂದ ನೋಡಿದೆ. ಮಗುವನ್ನು ತೊಡೆಯ ಮೇಲೆ ಕೂರಿಸಿ, ಪಂಪು ಹಿಡಿದು, "ಮೆತ್ತಗೆ ಎಳ್ಕೋ ಬಂಗಾರ" ಎನ್ನುತ್ತಿದ್ದಳು. ದನಿಯಲ್ಲಿ ಗಾಬರಿಯ ಸುಳಿವೇ ಇರಲಿಲ್ಲ. ಒಂದು ಲಾರಿ ತುಂಬ ನಾನು ತಂದ ಸಾಮಾನಿನಲ್ಲಿ ಆ ಹೊತ್ತಿಗೆ ಬೇಕಾದದ್ದು ಒಂದೂ ಇರಲಿಲ್ಲ. ಅವಳು ಮಡಿಲಲ್ಲಿಟ್ಟುಕೊಂಡು ತಂದ ಮೂಟೆಯಲ್ಲಿ ಎಲ್ಲವೂ ಇತ್ತು. ಇಂಥ ಹೆಂಗಸು ನನ್ನನ್ನು ಯಾಕೆ ಕಟ್ಟಿಕೊಂಡಳೋ ನನಗೆ ಇಂದಿಗೂ ಅರ್ಥವಾಗಿಲ್ಲ.

ಸ್ವಲ್ಪ ಹೊತ್ತಿಗೆ ಗೌರಿಯ ಎದೆ ಹಗುರಾಗಿ, ನಿದ್ದೆ ಹತ್ತಿತು. ಅಷ್ಟರಲ್ಲಿ ಸಿದ್ದಮ್ಮ ಉಪ್ಪು, ಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ಸಿದ್ಧರಾಗಿದ್ದರು. "ಹೊಸ ಮನೆಗೆ ಬಂದ ದಿನಾನೇ ಮಗೀಗೆ ಹಿಂಗಾಯ್ತು ಅಂದ್ರೆ ಇದು ದಿಷ್ಟಿ ಕಣಮ್ಮ. ತೆಗೆದ್ಬುಡ್ತೀನಿ, ತಾಳು."

"ಮಗೀಗೆ ಹೊಗೆ ಆಗಲ್ಲ ಅವ್ವ" ಎಂದಳು ಗಿರಿಜ ವಿನಯದಿಂದ. "ಬೇಕಾದ್ರೆ ಇವ್ರಿಗೆ ತೆಗೀರಿ."

ಅಂಗಳದ ಆ ತುದಿಯ ಒಲೆಯ ಮುಂದೆ ನನ್ನನ್ನು ನಿಲ್ಲಿಸಿ ಮೂರು ಸುತ್ತು ಇಳಿ ತೆಗೆದು, ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದರು. ಘಾಟು ಬಂದು ಕೆಮ್ಮಿದರೆ ದೃಷ್ಟಿ ಇಲ್ಲ, ಘಾಟೇ ಬರದಿದ್ದರೆ ದೃಷ್ಟಿ ಇದೆ ಎಂಬುದು ನಮ್ಮ ಕಡೆಯ ಲೆಕ್ಕ. ಎಲ್ಲರೂ ಕಾದೆವು. ನನಗೆ ಏನೂ ಆಗಲಿಲ್ಲ. ಓಬುಲೇಶುವಿಗೂ ಆಗಲಿಲ್ಲ. ನಮ್ಮ ಮೂಗುಗಳು ಬೆಳಗಿನಿಂದ ಒಂದು ಲೋಡು ಮೆಣಸಿನಕಾಯಿ ಸೇದಿ ಆಗಲೇ ಕೈಚೆಲ್ಲಿದ್ದವು. ನನ್ನ ಕೋಲಿನೇಟಿನ ಎದುರಿಗೇ ನಿಂತಿದ್ದ ಸಿದ್ದಮ್ಮನ ಮೂಗೂ ಅಷ್ಟೇ!

"ಅಯ್ಯೋ ದೇವುಡಾ! ಒಂದು ಕೆಮ್ಮಿಲ್ಲ, ಒಂದು ಘಾಟಿಲ್ಲ!" ಇನ್ನೊಂದು ಹಿಡಿ ಹಾಕಿದರು. ಆಗಲೂ ಇಲ್ಲ. ಸಿದ್ದಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನನ್ನ ಜನ್ಮದಾಗೆ ಇಂಥ ದಿಷ್ಟಿ ಕಂಡಿಲ್ಲ ಕಣಪ್ಪ. ಇಷ್ಟು ಕಣ್ಣು ಬೀಳಾಕೆ ನಿನ್ನಾಗೆ ಅಂಥದ್ದೇನೈತೆ?"

"ಬುದ್ಧಿ ಐತಲ್ಲ ಅವ್ವ" ಎಂದಳು ದೂರದ ಬಾಗಿಲಿನಿಂದ ಗಿರಿಜ.

ಆಮೇಲಿನ ಕೆಲಸವನ್ನೂ ಅವಳೇ ವಹಿಸಿಕೊಂಡಳು. ಹಾಸಿಗೆ ಕೌದಿಗಳು ಕಾಂಪೌಂಡಿನ ಮೇಲೆ ಬಿಸಿಲಿಗೆ ಹೋದವು. ಬಟ್ಟೆಗಳು ನೀರಿನ ತೊಟ್ಟಿಗೆ ಬಿದ್ದವು. ನಡುಮನೆಯನ್ನು ಒದ್ದೆ ಬಟ್ಟೆಯಿಂದ ಮೂರು ಸಲ ಒರೆಸಿದಳು. ಒಂದು ಬೈಗುಳವಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಗೌರಿ ಎದ್ದಳೆಂದು ತಿಳಿದು ಎತ್ತಿಕೊಳ್ಳಲು ಓಡಿದೆ.

"ಮುಟ್ಟಬ್ಯಾಡ್ರೀ! ನಿಮ್ಮ ಮೈತುಂಬ ಅದೇ ಐತೆ" ಎಂದು ಗಿರಿಜ ತಡೆದಳು.

ಮನೆಯ ಸಾಮಾನೆಲ್ಲ ಸ್ವಚ್ಛವಾಗಿ, ಮಗುವಿಗೆ ಆಗದ ವಸ್ತುವೆಂದು ಉಳಿದದ್ದು ನಾನೊಬ್ಬನೇ! ಸಿದ್ದಮ್ಮನ ಉಸ್ತುವಾರಿಯಲ್ಲಿ ನನ್ನ ತಲೆಯ ಮೇಲೆ ಆರು ಕೊಡ ನೀರು ಬಿತ್ತು. ಆದರೂ ಗಿರಿಜಳಿಗೆ ನಂಬಿಕೆ ಬರಲಿಲ್ಲ. "ಪೂರಾ ಒಣಗಾಗಂಟ ಅಲ್ಲೇ ಕೂತಿರ್ರೀ" ಎಂದಳು. ಎರಡು ಹಾಸಿಗೆಗಳ ನಡುವೆ, ಕಾಂಪೌಂಡಿನ ಮೇಲೆ, ಟವೆಲ್ ಉಟ್ಟು ಕುಳಿತೆ. ಅರ್ಧ ಗಂಟೆಗೊಮ್ಮೆ ಅವಳು ಬಂದು ಹಾಸಿಗೆಗಳನ್ನು ಮಗುಚಿ ಹಾಕಿ ಹೋಗುತ್ತಿದ್ದಳು.

ಸಂಜೆಯಾಗುತ್ತಾ ಬಂದಿತ್ತು. ಗೌರಿ ಬಾಗಿಲಿಗೆ ಬಂದು ನಿಂತಳು. ಬಲಗಡೆಯ ಹಾಸಿಗೆಯನ್ನು ನೋಡಿದಳು, ಎಡಗಡೆಯ ಹಾಸಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಒಳಕ್ಕೆ ಕೂಗಿದಳು.

"ಅಮ್ಮಾ, ಎರಡು ಹಾಸ್ಗೇನೂ ಆ ಕಡೆ ಈ ಕಡೆ ಮಗುಚಿ ಹಾಕಿದ್ಯಲ್ಲ, ಅಪ್ಪನ್ನ ಯಾವಾಗ ಮಗುಚಿ ಹಾಕ್ತೀಯಾ?"

ಅಷ್ಟುದ್ದದ ಮಾತಿನಲ್ಲಿ ಒಂದೇ ಒಂದು ಕೆಮ್ಮಿರಲಿಲ್ಲ. ನಾನೇ ಬೆನ್ನನ್ನು ಬಿಸಿಲಿಗೆ ತಿರುಗಿಸಿ ಕುಳಿತೆ.