ಬಲಕ್ಕೆ ವಾಲುವ ಗೋಲ್‌ಕೀಪರ್

ನಾನು ಜನ್ಮದಲ್ಲಿ ಒಂದೇ ಒಂದು ಸಲ ಫುಟ್‌ಬಾಲ್ ಒದ್ದಿದ್ದೇನೆ. ಆಗಲೂ ಹಾರಿಹೋದದ್ದು ಚಪ್ಪಲಿ, ಚೆಂಡು ಇದ್ದಲ್ಲೇ ಇತ್ತು. ಆದರೂ ನಾರಾಯಣಪೇಟೆಯ ತಂಡದಲ್ಲಿ ಯಾರು ಇರಬೇಕು, ಯಾರು ಮನೆಗೆ ಹೋಗಬೇಕು ಎಂದು ನನ್ನಷ್ಟು ಖಚಿತವಾಗಿ ಹೇಳಬಲ್ಲವರು ಊರಲ್ಲಿ ಇಬ್ಬರೇ. ಒಬ್ಬರು ನಿವೃತ್ತ ಡ್ರಿಲ್ ಮಾಸ್ತರ್ ಸಿದ್ರಾಮಪ್ಪ, ಇನ್ನೊಬ್ಬರು ಪಕ್ಕದಂಗಡಿಯ ದರ್ಜಿ ಖಾಜಾ ಭಾಯಿ. ಮಾಸ್ತರರಿಗೆ ಮೊಣಕಾಲು ನೋವು, ಖಾಜಾ ಭಾಯಿಗೆ ಕನ್ನಡಕವಿಲ್ಲದಿದ್ದರೆ ಸೂಜಿಯೇ ಕಾಣುವುದಿಲ್ಲ. ಹೀಗೆ ಆಟಕ್ಕೆ ಯಾವ ರೀತಿಯಲ್ಲೂ ಒದಗದ ನಾವು ಮೂವರು ದಿನಾ ಸಂಜೆ ನನ್ನ ಸೀರೆ ಅಂಗಡಿಯ ಗಾದಿಯ ಮೇಲೆ ಕುಳಿತು, ಸೀರೆ ಡಬ್ಬಿಯ ಮುಚ್ಚಳದ ಮೇಲೆ ಹನ್ನೊಂದು ಹೆಸರು ಬರೆಯುತ್ತೇವೆ, ಹೊಡೆದುಹಾಕುತ್ತೇವೆ, ಮತ್ತೆ ಬರೆಯುತ್ತೇವೆ. ಎಷ್ಟೋ ಸಲ ಗಿರಾಕಿಗಳು ಮನೆಗೆ ಹೋಗಿ ಡಬ್ಬಿ ತೆರೆದರೆ ಸೀರೆಯ ಜೊತೆಗೆ ನಮ್ಮ ತಂಡವೂ ಸಿಕ್ಕಿದೆ.

ಇಷ್ಟೆಲ್ಲ ತಲೆಬಿಸಿ ನನಗೇಕೆ ಎಂದು ನೀವು ಕೇಳಬಹುದು. ಕಾರಣ ನನ್ನ ಹೆಂಡತಿ ಮಹಾದೇವಿಯ ತವರು ಗದ್ವಾಲ. ಅವಳ ತಮ್ಮ ಬಸವರಾಜ ಅಲ್ಲಿ ಗದ್ವಾಲ ಸೀರೆಗಳ ಅಂಗಡಿ ಇಟ್ಟಿದ್ದಾನೆ, ಆ ಊರಿನ ತಂಡ ನೋಡಿಕೊಳ್ಳುವವನೂ ಅವನೇ. ಮದುವೆಯಾದ ಹೊಸತರಲ್ಲಿ ಮಾವನ ಮನೆಯ ಹಬ್ಬದೂಟದ ಹುರುಪಿನಲ್ಲಿ ನಾನೊಂದು ಪಂಥ ಕಟ್ಟಿಬಿಟ್ಟೆ: ಪ್ರತಿವರ್ಷದ ಪಂದ್ಯಾವಳಿಯಲ್ಲಿ ಯಾರ ಊರು ಸೋಲುತ್ತದೋ ಅವನು ಗೆದ್ದವನ ಅಂಗಡಿಗೆ ಹೋಗಿ ತನ್ನ ಹೆಂಡತಿಗೆ ಆ ಊರಿನ ಸೀರೆ ಕೊಳ್ಳಬೇಕು. ಅಂದಿನಿಂದ ಇಂದಿನವರೆಗೆ ಬಸವರಾಜ ನನ್ನ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ನಾನು ಮಾತ್ರ ವರ್ಷಕ್ಕೊಮ್ಮೆ ಅವನ ಗಾದಿಯ ಮೇಲೆ ತಲೆ ತಗ್ಗಿಸಿ ಕುಳಿತು ಅಂಚು ಆರಿಸುತ್ತೇನೆ. ಮೂರು ತಲೆಮಾರಿನಿಂದ ನಾರಾಯಣಪೇಟೆ ಸೀರೆ ಮಾರಿದ ಮನೆತನ ನಮ್ಮದು! ಶುಕ್ರವಾರದ ಪೂಜೆಗೆ ಮಹಾದೇವಿ ಆ ಸೀರೆ ಉಟ್ಟು ಅಂಗಡಿಗೆ ಬಂದಳೆಂದರೆ, ನಾನು ಇಪ್ಪತ್ತು ಸೀರೆ ಬಿಚ್ಚಿ ಹರವಿದ್ದರೂ ಗಿರಾಕಿಯ ಬೆರಳು ಅವಳ ಕಡೆಗೇ ತಿರುಗುತ್ತದೆ. "ಆಮೆ ಕಟ್ಟುಕುನ್ನದೇ ಕಾವಾಲಿ" ಎಂದು, ಅಂದರೆ ಅವರು ಉಟ್ಟದ್ದೇ ಬೇಕು ಎಂದು, ತೆಲುಗಿನಲ್ಲಿ ಹಟ ಹಿಡಿಯುತ್ತಾರೆ. ಆಗ ಹರವಿದ ಇಪ್ಪತ್ತನ್ನೂ ನಾನು ಒಂದೊಂದಾಗಿ ಮಡಚಿಡಬೇಕು.

ನಮ್ಮ ತಂಡವೇನು ಸಾಮಾನ್ಯವಲ್ಲ. ಮಕ್ತಲ್‌ನವರನ್ನು ಸೋಲಿಸುತ್ತೇವೆ, ಧರೂರಿನವರನ್ನು ಓಡಾಡಿಸುತ್ತೇವೆ, ಮದ್ದೂರಿನವರಂತೂ ನಮ್ಮ ಹೆಸರು ಕೇಳಿದರೇ ನೀರು ಕೇಳುತ್ತಾರೆ. ಸೆಮಿಫೈನಲ್‌ನಲ್ಲಿ ಗದ್ವಾಲ ಎದುರಾದ ಕೂಡಲೇ ಏನೋ ಆಗುತ್ತದೆ. ಆಟ ಸಮವಾಗುತ್ತದೆ, ಪೆನಾಲ್ಟಿ ಬರುತ್ತದೆ, ನಾವು ಮನೆಗೆ ಬರುತ್ತೇವೆ. ಮಾಸ್ತರರ ಪ್ರಕಾರ ಇದಕ್ಕೆ ಕಾರಣ ಹುಡುಗರು ಬೆಳಿಗ್ಗೆ ಓಡದಿರುವುದು. ಖಾಜಾ ಭಾಯಿಯ ಪ್ರಕಾರ ಚಡ್ಡಿಯ ಹೊಲಿಗೆ. "ಅರೆ ಸಾವ್ಕಾರ್, ರೆಡಿಮೇಡ್ ಚಡ್ಡಿ ನಕ್ಕೋ ಅಂದ್ರ ಯಾರ್ ಕೇಳ್ತಾರ? ಕಾಲು ಎತ್ತಾಕ ಬರಂಗಿಲ್ಲ ಅದ್ರಾಗ!" ಎಂದು ಪ್ರತಿ ಸೋಲಿನ ನಂತರವೂ ಅವರು ಗುಡುಗುತ್ತಾರೆ.

ನಿಜವಾದ ಕಾರಣ ಕಂಡುಹಿಡಿದವನು ನಾನು. ನಮ್ಮ ಗೋಲ್‌ಕೀಪರ್ ವೀರೇಶ ದಾಮರಗಿದ್ದದ ಹುಡುಗ, ನನ್ನ ಅಂಗಡಿಗೇ ಸೀರೆ ನೇಯುವವನು. ದಿನವಿಡೀ ಮಗ್ಗದ ಗುಂಡಿಯಲ್ಲಿ ಕುಳಿತು ಬಲಗೈಯಿಂದ ಲಾಳಿಯ ಹಗ್ಗ ಜಗ್ಗಿ ಜಗ್ಗಿ ಅವನ ಮೈ ಬಲಕ್ಕೆ ವಾಲುವುದನ್ನು ಕಲಿತುಬಿಟ್ಟಿದೆ. ಪೆನಾಲ್ಟಿ ಹೊಡೆಯುವವನು ಕಾಲೆತ್ತಿದ ಎಂದರೆ ಸಾಕು, ವೀರೇಶ ಬಲಕ್ಕೆ ಬೀಳುತ್ತಾನೆ. ಈ ಸತ್ಯ ಹೊಳೆದ ದಿನ ನಾನು ಗಾದಿಯ ಮೇಲೆಯೇ ಎದ್ದು ನಿಂತೆ. ಮಾಸ್ತರರಿಗೆ ಹೇಳಿದೆ, ಖಾಜಾ ಭಾಯಿಗೆ ಹೇಳಿದೆ, ಚಹಾದಂಗಡಿಯಲ್ಲಿ ಹೇಳಿದೆ, ಮಕ್ತಲ್ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಅಪರಿಚಿತರಿಗೂ ಹೇಳಿದೆ. ಮನೆಯಲ್ಲಿ ಊಟಕ್ಕೆ ಕುಳಿತಾಗಲೆಲ್ಲ ಬಲಗೈಯಲ್ಲಿ ರೊಟ್ಟಿ ಹಿಡಿದು ಬಲಕ್ಕೆ ವಾಲಿ ವಾಲಿ ತೋರಿಸಿದೆ.

ವೀರೇಶನೊಬ್ಬನಿಗೆ ಮಾತ್ರ ಹೇಳಲಿಲ್ಲ, ಮಾಸ್ತರರಿಗೂ ಖಾಜಾ ಭಾಯಿಗೂ ಹೇಳಗೊಡಲಿಲ್ಲ. ಅದಕ್ಕೂ ಕಾರಣವಿತ್ತು. ನಮ್ಮಲ್ಲಿ ಮಗ್ಗಕ್ಕೆ ಒಂದು ಸಲ ಹಾಸುನೂಲು ಏರಿಸಿದರೆ ಎಂಟು ಸೀರೆ ಬರುತ್ತವೆ. ಅವನ ಮಗ್ಗದ ಮೇಲೆ ಆಗ ಇನ್ನೂ ಮೂರನೆಯ ಸೀರೆ ನಡೆದಿತ್ತು, ಹಬ್ಬ ಹತ್ತಿರ ಬಂದಿತ್ತು. ಮಾತು ಕೇಳಿ ಮುನಿಸಿಕೊಂಡು ಮಗ್ಗ ಬಿಟ್ಟೆದ್ದರೆ ಉಳಿದ ಐದರ ಗತಿ? ಎಂಟು ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ. ಎಂಟು ಮುಗಿಯುವಷ್ಟರಲ್ಲಿ ಸೆಮಿಫೈನಲ್ ಬಂತು.

ಗದ್ವಾಲದ ಮೈದಾನದಲ್ಲಿ ಅಂದು ನಾವು ಆಡಿದ ಆಟ! ಮಾಸ್ತರರು ಮೊಣಕಾಲು ಮರೆತು ಕುಣಿದರು. ಖಾಜಾ ಭಾಯಿಯ ಟೋಪಿ ಎರಡು ಸಲ ಹಾರಿತು. ನಾನಂತೂ ಬಸವರಾಜನಿಗೆ ಯಾವ ಬಣ್ಣದ ಸೀರೆ ಕಟ್ಟಿಕೊಡಬೇಕೆಂದು ಮನಸ್ಸಿನಲ್ಲೇ ಬಿಚ್ಚಿ ಹರವತೊಡಗಿದ್ದೆ. ಆಟ ಎಂದಿನಂತೆ ಸಮವಾಯಿತು. ಪೆನಾಲ್ಟಿಯಲ್ಲಿ ಗದ್ವಾಲದ ಐದು ಹುಡುಗರು ಬಂದರು, ಐದು ಚೆಂಡೂ ವೀರೇಶನ ಎಡಕ್ಕೆ ಹೋದವು. ಐದು ಸಲವೂ ಅವನು ಬಲಕ್ಕೆ ಬಿದ್ದ; ನಮ್ಮವರ ಗೋಲು ನಾಲ್ಕೇ. ಐದನೆಯ ಸಲ ಬಿದ್ದವನು ಏಳಲೇ ಇಲ್ಲ, ಮಣ್ಣಿನಲ್ಲಿ ಮುಖವಿಟ್ಟು ಮಲಗಿದ.

ಪಂದ್ಯ ನೋಡುವ ನೆಪದಲ್ಲಿ ಮಹಾದೇವಿ ಮೊದಲೇ ತವರು ಸೇರಿದ್ದಳು. ಊಟಕ್ಕೆ ಅಲ್ಲಿಗೇ ಹೋದೆ. "ಅಲ್ಲೋ ಬಸವರಾಜ, ಐದಕ್ಕೈದೂ ಎಡಕ್ಕ ಹೆಂಗ ಹೊಡದ್ರೋ ನಿಮ್ಮ ಹುಡುಗ್ರು?" ಎಂದು ಕೇಳಿಯೇಬಿಟ್ಟೆ.

"ಅದ್ರಾಗೇನೈತಿ ಮಾವಾ," ಎಂದ ಅವನು ಹಪ್ಪಳ ಮುರಿಯುತ್ತ. "ನಿಮ್ಮ ಹುಡುಗ ಮಗ್ಗದವ, ಬಲಕ್ಕ ವಾಲ್ತಾನಂತ ಅಕ್ಕ ಫೋನಿನ್ಯಾಗ ಹೇಳಿದ್ಲು."

ನಾನು ಹೆಂಡತಿಯ ಕಡೆ ತಿರುಗಿದೆ. ಅವಳ ಮುಖದಲ್ಲಿ ಪಶ್ಚಾತ್ತಾಪದ ಸುಳಿವೂ ಇರಲಿಲ್ಲ. "ತಮ್ಮ ದಿನಾ ಫೋನ್ ಮಾಡ್ತಾನ, ಮನ್ಯಾಗ ಏನ್ ಸುದ್ದಿ ಅಕ್ಕಾ ಅಂತಾನ. ನಮ್ಮ ಮನ್ಯಾಗ ಬ್ಯಾರೆ ಸುದ್ದಿ ಏನೈತ್ರೀ? ಉಣ್ಣಾಕ ಕುಂತ್ರ ಅದ, ಎದ್ರ ಅದ. ಸಾರು ಹೆಂಗಾಗೇತಿ ಅಂತ ಒಂದ್ ದಿನಾರ ಹೇಳೀರೇನು? ನೀವು ಹೇಳಿದ್ದ ನಾ ಹೇಳ್ದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಷ್ಟು ವರ್ಷಗಳ ಸೋಲುಗಳೆಲ್ಲ ಒಂದೊಂದಾಗಿ ನೆನಪಾದವು. ಒಂದು ವರ್ಷ ನಮ್ಮ ಎಡಬದಿಯ ಹುಡುಗ ಬೇಗ ದಣಿಯುತ್ತಾನೆ ಎಂದಿದ್ದೆ, ಅವರು ಎಡದಿಂದಲೇ ನುಗ್ಗಿ ಆಟ ಸಮ ಮಾಡಿಕೊಂಡಿದ್ದರು. ಇನ್ನೊಂದು ವರ್ಷ ನಮ್ಮ ನಾಯಕನಿಗೆ ಕೋಪ ಜಾಸ್ತಿ ಎಂದಿದ್ದೆ, ಅವನನ್ನು ಕೆಣಕಿ ಕೆಣಕಿ ಹೊರಗೆ ಕಳಿಸಿದ್ದರು. ನಾಚಿಕೆಯಾಯಿತು, ನಿಜಕ್ಕೂ ನಾಚಿಕೆಯಾಯಿತು. ಮರುದಿನ ಆ ನಾಚಿಕೆಯೊಂದಿಗೇ ಬಸವರಾಜನ ಅಂಗಡಿಯಲ್ಲಿ ಗಿಳಿಹಸಿರು ಸೀರೆ ಕೊಂಡೆ.

ಮಹಾದೇವಿಯನ್ನು ಕರೆದುಕೊಂಡು ಊರಿಗೆ ಬಂದರೆ ಗಾದಿಯ ಮೇಲೆ ತೀರ್ಪು ಸಿದ್ಧವಾಗಿತ್ತು. ಮಾಸ್ತರರು ಡಬ್ಬಿಯ ಮುಚ್ಚಳದಲ್ಲಿ ವೀರೇಶನ ಹೆಸರಿಗೆ ಅಡ್ಡಗೀಟು ಎಳೆದು ಕುಳಿತಿದ್ದರು. "ಐದರಾಗ ಒಂದೂ ಹಿಡೀಲಿಲ್ಲ. ಅವನ್ನ ತೆಗದ್ರನಾ ತಂಡ ಉದ್ಧಾರ" ಎಂದರು. ಅಷ್ಟರಲ್ಲಿ ನೇಯ್ದ ಸೀರೆಗಳ ಗಂಟು ಹೊತ್ತು ವೀರೇಶನೇ ಒಳಗೆ ಬಂದ. ಗಂಟು ಇಳಿಸಿ, "ತಪ್ಪು ನಂದ ಐತ್ರೀ. ಮುಂದಿನ ವರ್ಷ ಬ್ಯಾರೇರಿಗೆ ನಿಲ್ಲಿಸ್ರಿ" ಎಂದ. ಅವನ ಕಣ್ಣುಗಳು ಕೆಂಪಗಿದ್ದವು.

ಅಡ್ಡಗೀಟು ಎಳೆಯಬೇಕಾದದ್ದು ಯಾರ ಹೆಸರಿಗೆ ಎಂದು ನನಗೊಬ್ಬನಿಗೇ ಗೊತ್ತಿತ್ತು. ಎರಡು ಸಲ ಕೆಮ್ಮಿದೆ. ಅರ್ಧ ಸತ್ಯ ಹೊರಬಂತು. "ಹುಡುಗಂದು ತಪ್ಪಿಲ್ರಿ. ಬಲಕ್ಕ ವಾಲ್ತಾನಂತ ಯಾರೋ ಅವರಿಗೆ ಮೊದ್ಲ ಹೇಳ್ಯಾರ" ಎಂದೆ.

ವೀರೇಶ ನನ್ನನ್ನೇ ನೋಡಿದ. "ನಾ ಬಲಕ್ಕ ವಾಲ್ತೀನಾ? ಅದನ್ನ ನನಗ ಒಂದ್ ಮಾತು ಹೇಳಬಾರ್ದಾಗಿತ್ತೇನ್ರಿ ಸಾವ್ಕಾರ್ರ?"

ನಾನು ಗಂಟು ಬಿಚ್ಚಿ ಸೀರೆ ಎಣಿಸತೊಡಗಿದೆ. ಪುಣ್ಯಕ್ಕೆ ಮಾಸ್ತರರು ದ್ರೋಹಿಯ ಮೇಲೆ ಕೆಂಡವಾಗಿದ್ದರು. ವೀರೇಶನ ಹೆಸರನ್ನು ಮತ್ತೆ ದಪ್ಪಗೆ ಬರೆದರು. ನಮ್ಮೊಳಗಿನ ಬಾಯಿಬಡುಕನನ್ನು ಹುಡುಕುವ ಕೆಲಸವನ್ನು ಸರ್ವಾನುಮತದಿಂದ ನನಗೇ ವಹಿಸಿದರು. ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳದೆ, ಗಂಭೀರವಾಗಿ ಒಪ್ಪಿಕೊಂಡೆ.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಬಾಯಿಗೆ ಬೀಗ ಹಾಕಿದ್ದೆ. ಮುಂದಿನ ವರ್ಷ ವೀರೇಶನಿಗೆ ಎಡಕ್ಕೆ ಬೀಳುವುದನ್ನು ಕಲಿಸಲು ಮಾಸ್ತರರು ಆಗಲೇ ಯೋಜನೆ ಹಾಕಿದ್ದರು, ಅದು ನನ್ನ ನಾಲಿಗೆಯ ತುದಿಯಲ್ಲೇ ಕುಣಿಯುತ್ತಿತ್ತು. ಹಲ್ಲು ಕಚ್ಚಿ ಹಿಡಿದೆ. ಏನಾದರೂ ಮಾತಾಡಬೇಕಲ್ಲ ಎಂದು, "ಸಾರು ಭಾಳ ಚಲೋ ಆಗೇತಿ" ಎಂದೆ.

ಮಹಾದೇವಿ ಸೌಟು ಹಿಡಿದು ನನ್ನನ್ನೇ ಒಂದು ಗಳಿಗೆ ನೋಡಿದಳು. ಮುಖ ಅರಳಿತು, ಇನ್ನೊಂದು ಸೌಟು ಬಡಿಸಿದಳು. ನನಗೂ ಹಿತವಾಯಿತು, ಇಷ್ಟು ವರ್ಷ ಈ ಒಂದು ಮಾತಿಗೆ ಜಿಪುಣತನ ಮಾಡಿದೆನಲ್ಲ ಅನ್ನಿಸಿತು. ಆಮೇಲೆ ಅವಳು ಅಡುಗೆಮನೆಗೆ ಹೋದಳು. ಫೋನ್ ಹಚ್ಚಿದ ಸದ್ದು, ಹಿಂದೆಯೇ ಅವಳ ದನಿ ಕೇಳಿಸಿತು:

"ತಮ್ಮಾ, ಹುಷಾರಿರೋ. ಮುಂದಿನ ವರ್ಷಕ್ಕ ಇವರ ತಂಡದಾಗ ಏನೋ ದೊಡ್ಡ ಗುಟ್ಟೈತಿ. ನಿಮ್ಮ ಮಾವ ಸಾರು ಹೊಗಳಾಕತ್ಯಾರ."